ರಾತ್ರಿ ಮಳೆ ಬಂತೋ, ಬಂದಿದೆಯೋ

ದೀಪಾವಳಿ ಮುಗಿದ ಮಾರನೆಯ ಬೆಳಗ್ಗೆ. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆಯ ಜಗಲಿ. ಕನ್ನಡ ಮಾಧ್ಯಮದ ಶಾಲೆಯಲ್ಲಿ 34 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದಾರೆ. ಎದುರಿಗೆ ಅವರ ಹಳೆಯ ಶಿಷ್ಯೆ. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಹೊರದೇಶದ ಗಿರಾಕಿಗಳಿಗೆ ದಿನವಿಡೀ ಮೇಲ್ ಬರೆಯುವುದೇ ಅವಳ ಕೆಲಸ. ಅಂಗಳ ಒದ್ದೆ. ಸಾಲು ಹಣತೆಗಳಲ್ಲಿ ಎಣ್ಣೆಯ ಬದಲು ನೀರು ನಿಂತಿದೆ.

ಶಿಷ್ಯೆ: ರಾತ್ರಿ ಮಳೆ ಬಂದಿದೆ ಅಲ್ವಾ ಸಾರ್?

ಮೇಷ್ಟ್ರು: ಬಂತು. ಎರಡು ಗಂಟೆ ಹೊತ್ತಿಗೆ. ಹಂಚಿನ ಮೇಲೆ ಸದ್ದಾಗಿ ಎಚ್ಚರ ಆಯಿತು. ಅದಿರಲಿ, ಫೋನಿನಲ್ಲಿ ಏನೋ ಟೆನ್ಸಿನ ತಕರಾರು ಅಂದಿದ್ದೆಯಲ್ಲ.

ಶಿಷ್ಯೆ: ತಕರಾರಲ್ಲ, ಮರ್ಯಾದೆ ಹೋಯ್ತು. ಇಂಗ್ಲೆಂಡಿನ ಲೀಡ್ಸಿನವರು ಒಬ್ಬರು ಗಿರಾಕಿ. ಮಂಗಳವಾರ ಅವರಿಗೊಂದು ಫೈಲ್ ಕಳಿಸಿದೆ. ಎರಡು ದಿನ ಉತ್ತರವೇ ಇಲ್ಲ. ಮೆತ್ತಗೆ ನೆನಪಿಸೋಣ ಅಂತ ಗುರುವಾರ ಬರೆದೆ: ‘ಐ ಹ್ಯಾಡ್ ಸೆಂಟ್ ದ ಫೈಲ್ ಆನ್ ಟ್ಯೂಸ್‌ಡೇ.’ ಆಮೇಲೂ ಸದ್ದಿಲ್ಲ. ಸೋಮವಾರ ನಾನೇ ಫೋನ್ ಮಾಡಿದ್ರೆ, ‘ನೀವು ಹ್ಯಾಡ್ ಅಂದಿರಿ, ಹಳೇ ಫೈಲ್ ರದ್ದಾಗಿ ಹೊಸದು ಬರುತ್ತೆ ಅಂತ ಕಾಯ್ತಾ ಇದ್ದೀವಿ’ ಅಂದ್ರು.

ಮೇಷ್ಟ್ರು: ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದೆ. ಪಾಸ್ಟ್ ಪರ್ಫೆಕ್ಟ್ ಒಂಟಿಯಾಗಿ ನಿಲ್ಲೋದಿಲ್ಲ, ಅದರ ಬೆನ್ನಿಗೆ ಇನ್ನೊಂದು ಘಟನೆ ಬೇಕು. ವೈದ್ಯರು ಬರುವಷ್ಟರಲ್ಲಿ ರೋಗಿ ಸತ್ತಿದ್ದ.

ಶಿಷ್ಯೆ: ಆ ರೋಗಿ ಚೆನ್ನಾಗಿ ನೆನಪಿದ್ದಾನೆ ಸಾರ್. ನಮ್ಮ ರಾಜ್ಯದ ಯಾವ ಹೈಸ್ಕೂಲಿನಲ್ಲೂ ಅವನು ಒಮ್ಮೆಯೂ ಬದುಕಿ ಉಳೀಲಿಲ್ಲ. ಪರೀಕ್ಷೆಗೆ ಅದೇ ವಾಕ್ಯ ಬಂದ್ರೆ ಇವತ್ತೂ ಪೂರ್ತಿ ಅಂಕ ತಗೋತೀನಿ. ಆದರೆ ಮೇಲ್ ಬರೆಯುವಾಗ ರೋಗಿಯೂ ಇರಲಿಲ್ಲ, ವೈದ್ಯರೂ ಇರಲಿಲ್ಲ. ಮನಸ್ಸಿಗೆ ‘ಕಳಿಸಿದ್ದೆ’ ಅಂತ ಬಂತು, ಕೈ ‘ಹ್ಯಾಡ್ ಸೆಂಟ್’ ಅಂತ ಒತ್ತಿತು. ಕಂಪ್ಯೂಟರಿನಲ್ಲಿ ವ್ಯಾಕರಣ ನೋಡೋ ತಂತ್ರಾಂಶ ಇದೆಯಲ್ಲ, ಅದೂ ಕೆಂಪು ಗೆರೆ ಎಳೀಲಿಲ್ಲ. ಯಾಕೆ ಎಳೀಬೇಕು? ವಾಕ್ಯದಲ್ಲಿ ತಪ್ಪಿಲ್ಲ. ನಾನು ಹೇಳಬೇಕು ಅಂದುಕೊಂಡಿದ್ದನ್ನ ಅದು ಹೇಳಲಿಲ್ಲ, ಅಷ್ಟೇ.

ಮೇಷ್ಟ್ರು: ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದೆ. ನಾನು ಸರ್ವೀಸಿನುದ್ದಕ್ಕೂ ಗುದ್ದಾಡಿದ್ದು ಇದರ ಜೊತೆಗೇ.

ಶಿಷ್ಯೆ: ಕನ್ನಡದಲ್ಲೂ ನೆಟ್ಟಗೆ ಯೋಚಿಸಲಿಲ್ಲ ಅನ್ನಿ. ‘ಕಳಿಸಿದೆ’ಗೂ ‘ಕಳಿಸಿದ್ದೆ’ಗೂ ಏನು ವ್ಯತ್ಯಾಸ ಅಂತ ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಲಿಲ್ಲ. ಇಂಗ್ಲಿಷಿನ ಹನ್ನೆರಡು ಟೆನ್ಸಿನ ಪಟ್ಟಿ ಬಾಯಿಪಾಠ, ಬಾಯಲ್ಲೇ ಇರೋದಕ್ಕೆ ಲೆಕ್ಕವಿಲ್ಲ.

ಮೇಷ್ಟ್ರು: ನೀನೇ ಹೇಳು, ಏನು ವ್ಯತ್ಯಾಸ?

ಶಿಷ್ಯೆ: ಯಾರೋ ಬಂದು ‘ಮೇಷ್ಟ್ರು ಎಲ್ಲಿ?’ ಅಂತ ಕೇಳ್ತಾರೆ. ಅಮ್ಮ ‘ಪೇಟೆಗೆ ಹೋದ್ರು’ ಅಂದ್ರೆ ನೀವು ಈಗಷ್ಟೇ ಉಣಗೋಲು ದಾಟಿದ್ದೀರಿ, ಓಡಿದ್ರೆ ಸಿಗ್ತೀರಿ. ‘ಹೋಗಿದ್ದಾರೆ’ ಅಂದ್ರೆ ಪೇಟೆಯಲ್ಲಿದ್ದೀರಿ, ಬಂದವರು ಜಗಲಿಯಲ್ಲಿ ಕೂತು ಕಾಯಬೇಕು. ‘ಬೆಳಗ್ಗೆ ಹೋಗಿದ್ರು’ ಅಂದ್ರೆ ಹೋಗಿ ವಾಪಸ್ ಬಂದಾಗಿದೆ, ಒಳಗೇ ಇದ್ದೀರಿ. ಹೋದದ್ದು ಒಂದೇ ಸಲ, ಆದರೆ ಕೇಳಿದವರಿಗೆ ನೀವು ಮೂರು ಜಾಗದಲ್ಲಿ ಸಿಗ್ತೀರಿ. ಈ ಮೂರನೆಯದನ್ನ ‘ಹ್ಯಾಡ್ ಗಾನ್’ ಅಂತ ಮಾಡಿದ್ರೆ ಇಂಗ್ಲಿಷ್ ಕಿವಿ ಮುಂದೇನು, ಮುಂದೇನು ಅಂತ ಕಾಯ್ತಾ ಇರುತ್ತೆ.

ಮೇಷ್ಟ್ರು: ಅದಕ್ಕೆ ‘ಹಿ ವೆಂಟ್’. ಇಲ್ಲವೇ ‘ಹಿ ಹ್ಯಾಸ್ ಬೀನ್ ಟು ಟೌನ್’. ಹ್ಯಾಸ್ ಗಾನ್ ಅಂದರೆ ಹೋದವನು ಇನ್ನೂ ಬಂದಿಲ್ಲ, ಹ್ಯಾಸ್ ಬೀನ್ ಅಂದರೆ ಹೋಗಿ ಬಂದವನು. ಇದನ್ನೂ ಕಲಿಸಿದ್ದೆ.

ಶಿಷ್ಯೆ: ಈಗ ‘ಕಲಿಸಿದ್ದೆ’ ಅಂದಿರಲ್ಲ ಸಾರ್, ಅದರೊಳಗೆ ಒಂದು ಮುಳ್ಳಿದೆ ನೋಡಿ. ‘ಕಲಿಸಿದೆ’ ಅಂದ್ರೆ ಬರೀ ವರದಿ. ‘ಕಲಿಸಿದ್ದೆ’ ಅಂದ್ರೆ ನನ್ನ ಪಾಲಿನದು ನಾನು ಮಾಡಿಯಾಗಿತ್ತು, ಉಳಿಸಿಕೊಳ್ಳದೇ ಇದ್ದವಳು ನೀನು. ‘ನಿನ್ನೆ ಫೋನ್ ಮಾಡಿದ್ದೆ’ ಅಂದ್ರೆ ನೀನು ಎತ್ತಲಿಲ್ಲ. ನನ್ನ ಮೇಲಿನಲ್ಲಿ ಇದ್ದಿದ್ದೂ ಆ ಮುಳ್ಳೇ. ಲೀಡ್ಸಿನವರಿಗೆ ಅದು ಚುಚ್ಚಲೇ ಇಲ್ಲ.

ಮೇಷ್ಟ್ರು: ಮುಳ್ಳು ಗಿಳ್ಳು ಅನ್ನೋದೆಲ್ಲ ವ್ಯಾಕರಣದಲ್ಲಿಲ್ಲ.

ಒಳಗಿನಿಂದ ‘ಕಾಫಿ ತಂದೆ, ತಂದೆ!’ ಎಂಬ ಕೂಗು. ಬಹಳ ಹೊತ್ತು ಯಾರೂ ಬರಲಿಲ್ಲ.

ಶಿಷ್ಯೆ: ಇದು ಯಾವ ಟೆನ್ಸು ಸಾರ್? ತಂದೆ ಅಂತಿದ್ದಾರೆ, ಹಾಲು ಇನ್ನೂ ಒಲೆ ಮೇಲಿದೆ. ಬಸ್ಸು ದೂರದ ತಿರುವಿನಲ್ಲಿ ಕಂಡ್ರೆ ‘ಬಸ್ಸು ಬಂತು’. ಕರೆದ್ರೆ ಕೂತಲ್ಲಿಂದ ಏಳದೇ ‘ಬಂದೆ’. ನಮ್ಮ ಭೂತಕಾಲ ಭೂತದಲ್ಲೇ ಇರುತ್ತೆ ಅಂತ ಯಾರು ಹೇಳಿದ್ದು?

ಮೇಷ್ಟ್ರು: ಅದು ಆಡುಮಾತಿನ ಸಲಿಗೆ. ಆಗೇ ಹೋಯಿತು ಅನ್ನುವಷ್ಟು ಖಂಡಿತ ಅಂತ ಕೇಳುವವರಿಗೆ ಸಮಾಧಾನ ಹೇಳೋದು.

ಶಿಷ್ಯೆ: ಸಮಾಧಾನ ಹೇಳೋಕೂ ಟೆನ್ಸು ಬರುತ್ತೆ ಅಂತಾಯ್ತಲ್ಲ. ನಾವು ಎಡವಿದ್ದು ಹೆಸರಿಡೋದರಲ್ಲೇ ಅಂತ ನನಗನ್ನಿಸುತ್ತೆ. ಇಂಗ್ಲಿಷಿಗೆ ಟೈಮ್ ಬೇರೆ, ಟೆನ್ಸ್ ಬೇರೆ. ನಾವು ಎರಡಕ್ಕೂ ‘ಕಾಲ’ ಅಂದುಬಿಟ್ವಿ. ಗಡಿಯಾರದ್ದೂ ಕಾಲ, ಕ್ರಿಯಾಪದದ್ದೂ ಕಾಲ. ನಿನ್ನೆ ಅಂದ್ರೆ ಪಾಸ್ಟ್, ನಾಳೆ ಅಂದ್ರೆ ಫ್ಯೂಚರ್ ಅಂತ ಮಕ್ಕಳು ಗೂಟಕ್ಕೆ ಕಟ್ಟಿದ ಹಾಗೆ ಕಟ್ಟಿಬಿಡ್ತಾರೆ. ಆದರೆ ‘ದ ಟ್ರೇನ್ ಲೀವ್ಸ್ ಟುಮಾರೋ’ ಅಂದ್ರೆ ರೈಲು ಹೊರಡೋದು ನಾಳೆ, ಪದ ಪ್ರೆಸೆಂಟು. ‘ಇಟ್ಸ್ ಟೈಮ್ ಯು ವೆಂಟ್ ಹೋಮ್’ ಅಂದ್ರೆ ಹೋಗಬೇಕಾದ್ದು ಇನ್ನು ಮೇಲೆ, ಪದ ಮಾತ್ರ ವೆಂಟ್.

ಮೇಷ್ಟ್ರು: ಪಾಣಿನಿಗೆ ಇದು ಗೊತ್ತಿತ್ತು. ಲಟ್, ಲಿಟ್, ಲಙ್, ಲುಙ್ ಅಂತ ಸಂಸ್ಕೃತ ಕ್ರಿಯಾಪದದ ಹತ್ತು ಲಕಾರಕ್ಕೂ ಬರೀ ಗುರುತಿನ ಅಕ್ಷರ ಕೊಟ್ಟ, ಕಾಲದ ಹೆಸರು ಇಡಲಿಲ್ಲ. ಎಲ್ಲಿ ಯಾವುದು ಅನ್ನೋದನ್ನ ಆಮೇಲೆ ಹೇಳ್ತಾನೆ. ಇವತ್ತಿನದಲ್ಲದ ಭೂತಕ್ಕೆ ಲಙ್. ಹೇಳುವವನು ತಾನೇ ಕಾಣದ ಭೂತಕ್ಕೆ ಲಿಟ್, ಅಂದರೆ ಪರೋಕ್ಷ.

ಶಿಷ್ಯೆ: ತಾನೇ ಕಾಣದ್ದು! ಸಾರ್, ಆಗಲೇ ನಾನು ‘ಮಳೆ ಬಂದಿದೆ’ ಅಂದೆ, ನೀವು ‘ಬಂತು’ ಅಂದಿರಿ. ಮಳೆ ಅದೇ, ಅಂಗಳ ಅದೇ. ನಾನು ಸತ್ತ ಹಾಗೆ ನಿದ್ದೆ ಮಾಡಿದ್ದೆ, ಒದ್ದೆ ನೆಲ ನೋಡಿ ಊಹಿಸಿದೆ. ನೀವು ಎಚ್ಚರ ಇದ್ದು ಕಿವಿಯಾರೆ ಕೇಳಿದಿರಿ. ನಾನು ‘ಬಂತು’ ಅಂದಿದ್ರೆ ‘ನೀನು ನೋಡಿದ್ಯಾ?’ ಅಂತ ಕೇಳ್ತಿದ್ರಿ. ನೀವು ‘ಬಂದಿದೆ’ ಅಂದಿದ್ರೆ ನಿಮಗೂ ಗೊತ್ತಾಗಿಲ್ಲ ಅಂದುಕೊಳ್ತಿದ್ದೆ.

ಮೇಷ್ಟ್ರು: (ಸ್ವಲ್ಪ ಹೊತ್ತು ಅಂಗಳ ನೋಡಿ) ‘ಕಳ್ಳರು ನುಗ್ಗಿದರು’, ‘ಕಳ್ಳರು ನುಗ್ಗಿದ್ದಾರೆ’. ಹೌದು. ಮೊದಲನೆಯವನು ಮನೆಯೊಳಗಿದ್ದ, ಎರಡನೆಯವನು ಮುರಿದ ಬೀಗ ನೋಡಿದ.

ಶಿಷ್ಯೆ: ಈಗ ನನ್ನ ‘ಬಂದಿದೆ’ಯನ್ನ ಇಂಗ್ಲಿಷಿಗೆ ಹಾಕಿ.

ಮೇಷ್ಟ್ರು: ‘ಇಟ್ ಹ್ಯಾಸ್ ರೇನ್ಡ್ ಲಾಸ್ಟ್ ನೈಟ್’ ಅಂತ ಬರೀತೀರಿ ನೀವೆಲ್ಲ. ತಪ್ಪು. ಪ್ರೆಸೆಂಟ್ ಪರ್ಫೆಕ್ಟಿನ ಬಾಗಿಲು ಇವತ್ತಿನ ಕಡೆಗೆ ತೆರೆದಿರಬೇಕು, ‘ಲಾಸ್ಟ್ ನೈಟ್’ ಅಂದ ಕೂಡಲೇ ಅದನ್ನು ಮುಚ್ಚಿದ ಹಾಗೆ. ಹೊತ್ತು ಹೇಳಿದರೆ ಸಿಂಪಲ್ ಪಾಸ್ಟು: ‘ಇಟ್ ರೇನ್ಡ್ ಲಾಸ್ಟ್ ನೈಟ್.’ ಊಹೆಯಾದರೆ ‘ಇಟ್ ಮಸ್ಟ್ ಹ್ಯಾವ್ ರೇನ್ಡ್.’

ಶಿಷ್ಯೆ: ಕನ್ನಡದ ಹುಡುಗ ‘ಹ್ಯಾಸ್’ ಹಾಕಿದ್ದು ಸೋಮಾರಿತನಕ್ಕಲ್ಲ. ಕಾಣದ್ದನ್ನ ಕಂಡೆ ಅನ್ನಬಾರದು ಅನ್ನೋ ಪ್ರಾಮಾಣಿಕತೆಗೆ.

ಮೇಷ್ಟ್ರು: ಎಷ್ಟು ಸಾವಿರ ಪುಸ್ತಕದಲ್ಲಿ ಆ ‘ಹ್ಯಾಸ್’ಗೆ ಕೆಂಪು ಗೆರೆ ಎಳೆದಿದ್ದೇನೋ. ಈ ಕಾರಣ ಒಮ್ಮೆಯೂ ಹೊಳೆಯಲಿಲ್ಲ. ಆದರೂ ಗೆರೆ ಎಳೆಯಲೇಬೇಕಿತ್ತು. ಪ್ರಾಮಾಣಿಕತೆಯನ್ನು ಇಂಗ್ಲಿಷು ಬೇರೆ ಜಾಗದಲ್ಲಿ ಇಟ್ಟಿದೆ ಅಂತ ಹೇಳಿ ಎಳೆಯಬೇಕಿತ್ತು, ಅಷ್ಟೇ.

ಶಿಷ್ಯೆ: ಎಲ್ಲರಿಗೂ ಎಳೀತೀರಾ? ಜರ್ಮನ್ನರು ತಮ್ಮ ಭಾಷೆಯಲ್ಲಿ ‘ನಿನ್ನೆ’ ಜೊತೆಗೆ ಪರ್ಫೆಕ್ಟನ್ನ ರಾಜಾರೋಷವಾಗಿ ಹಾಕ್ತಾರೆ. ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಅಂತ ಕೇಳ್ತಾರೆ. ಇಂಗ್ಲೆಂಡಿನವರು ‘ಹ್ಯಾವ್ ಯು ಈಟನ್?’ ಅನ್ನೋ ಜಾಗ ಅದು. ಅವರಿಗಿಲ್ಲದ ಗೆರೆ ನಮಗೆ ಮಾತ್ರ ಯಾಕೆ?

ಮೇಷ್ಟ್ರು: ಅಮೆರಿಕದವರು ಇಡೀ ದೇಶ ಸೇರಿ ಹಾಗೆ ಹೇಳ್ತಾರೆ, ಅದು ಅವರ ರೂಢಿ. ನಮ್ಮಲ್ಲಿ ಒಬ್ಬ ‘ಹ್ಯಾವ್ ಸೀನ್’ ಅಂತಾನೆ, ಪಕ್ಕದವನು ‘ಹ್ಯಾಡ್ ಸೀನ್’ ಅಂತಾನೆ, ಮೂರನೆಯವನು ‘ಆಮ್ ಸೀಯಿಂಗ್’ ಅಂತಾನೆ. ರೂಢಿಯಾಗೋದಕ್ಕೂ ಒಂದು ಒಪ್ಪಂದ ಬೇಕು. ಆ ‘ಇಂಗ್’ ಬಗ್ಗೆ ಕೇಳು: ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್.’ ನಿಸ್ಸಿಮ್ ಎಜೆಕಿಯಲ್ ಈ ಚಾಳಿ ಹಿಡಿದು ಮಿಸ್ ಪುಷ್ಪಾ ಟಿ. ಎಸ್. ಅನ್ನೋರ ಬೀಳ್ಕೊಡುಗೆ ಅಂತ ಇಡೀ ಪದ್ಯವನ್ನೇ ಬರೆದರು. ನಮ್ಮ ಭಾಷೆಗಳ ನೆರಳು ಅದು.

ಶಿಷ್ಯೆ: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕನ್ನಡದಲ್ಲಿ ಯಾರು ಸಾರ್ ‘ನಾನು ತಿಳಿಯುತ್ತಿದ್ದೇನೆ’ ಅಂತಾರೆ? ‘ನನಗೆ ಗೊತ್ತು’ ಅಂತೀವಿ. ಆ ‘ಗೊತ್ತು’ವಿಗೆ ಕಾಲದ ಬಾಲವೇ ಇಲ್ಲ. ‘ಇಬ್ಬರು ಅಣ್ಣಂದಿರಿದ್ದಾರೆ’ ಅಂತೀವಿ, ‘ಇರುತ್ತಿದ್ದಾರೆ’ ಅನ್ನಲ್ಲ. ‘ಇಂಗ್’ ಬಂದಿದ್ದು ನಮ್ಮ ಮನೆಯಿಂದಲ್ಲ, ನಿಮ್ಮ ಕ್ಲಾಸಿನಿಂದ. ಐದನೇ ಕ್ಲಾಸಿನಲ್ಲಿ ನೀವು ಬಾಗಿಲು ತೆಗೆದು ‘ವಾಟ್ ಆಮ್ ಐ ಡೂಯಿಂಗ್?’ ಅಂತ ಕೇಳೋರು. ನಾವು ‘ಯು ಆರ್ ಓಪನಿಂಗ್ ದ ಡೋರ್’ ಅಂತ ಕೂಗೋರು. ಬಾಗಿಲು ಹಾಕೋರು, ‘ಕ್ಲೋಸಿಂಗ್’ ಅಂತಿದ್ವಿ. ವರ್ಷವಿಡೀ ಬಾಗಿಲು. ಆ ವಯಸ್ಸಿನಲ್ಲಿ ಕಿವಿಗೆ ಬಿದ್ದ ಇಂಗ್ಲಿಷ್ ಕ್ರಿಯಾಪದಕ್ಕೆಲ್ಲ ‘ಇಂಗ್’ ಅಂಟಿಕೊಂಡಿತ್ತು. ಹಾಗಾಗಿ ನೋಯಿಂಗ್, ಹ್ಯಾವಿಂಗ್.

ಮೇಷ್ಟ್ರು: ತೋರಿಸೋಕೆ ನನ್ನ ಹತ್ತಿರ ಬಾಗಿಲೊಂದೇ ಇತ್ತು. ‘ನೋ’ ಅನ್ನೋದನ್ನ ಮಾಡಿ ತೋರಿಸು ನೋಡೋಣ. ಗೊತ್ತಿರೋ ಮುಖ ಹೇಗಿರುತ್ತೆ? ನಿನ್ನ ಲೀಡ್ಸಿನ ಗಿರಾಕಿಗೆ ನಿಯಮ ಬೇಕಾಗಲಿಲ್ಲ, ಅವನಿಗೆ ಇಂಗ್ಲಿಷಿನಲ್ಲಿ ಜೋಗುಳ ಹಾಡಿದ ಅಮ್ಮ ಇದ್ದಳು. ನಿಮಗೆ ಇದ್ದವನು ನಾನು, ವಾರಕ್ಕೆ ಆರು ಪೀರಿಯಡ್ಡು, ಅದರಲ್ಲೊಂದು ಶನಿವಾರದ್ದು. ಹನ್ನೆರಡು ಮನೆಯ ಪಟ್ಟಿ ಬರೆಸದೇ ನಾನೇನು ಮಾಡಬೇಕಿತ್ತು? ಕಿವಿ ಇಲ್ಲದವನಿಗೆ ನಿಯಮವೇ ಊರುಗೋಲು.

ಅವಳು ಉತ್ತರ ಕೊಡಲಿಲ್ಲ. ಈ ಹೊತ್ತಿಗೆ ಕಾಫಿ ನಿಜವಾಗಿಯೂ ಬಂತು.

ಶಿಷ್ಯೆ: ಊರುಗೋಲು ಬೇಡ ಅಂತಲ್ಲ ಸಾರ್. ಆದರೆ ಆ ಪಟ್ಟಿಯಲ್ಲಿ ಹನ್ನೆರಡು ಮನೆಯೂ ಒಂದೇ ಅಳತೆ. ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯೂಯಸ್ಸಿಗೆ ಒಂದು ಮನೆ, ಸಿಂಪಲ್ ಪಾಸ್ಟಿಗೂ ಒಂದೇ ಮನೆ. ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು, ಆ ಮೊದಲನೆಯದನ್ನ ಒಂದು ಸಲವೂ ಬರೆದಿಲ್ಲ.

ಮೇಷ್ಟ್ರು: ನಾನೂ ಬೋರ್ಡಿನ ಮೇಲೆ ಬಿಟ್ಟು ಬೇರೆಲ್ಲೂ ಬರೆದಿಲ್ಲ. ಆದರೆ ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲಿ ಇತ್ತು. ಆ ರೆನ್ ಇದ್ದಾನಲ್ಲ, ಮರುಭೂಮಿಯ ಸೈನಿಕರ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನು, 1924ರ ‘ಬೋ ಜೆಸ್ಟ್’. ನಮಗೆ ಮಾತ್ರ ಅವನ ವ್ಯಾಕರಣವೇ ಮರುಭೂಮಿ. ಬೇರೆ ಹೆಸರು ಬೇಕಾದರೆ ಯೆಸ್ಪರ್ಸನ್ ತಗೋ. ಡೆನ್ಮಾರ್ಕಿನವನು, ಇಂಗ್ಲಿಷ್ ಅವನ ತಾಯಿನುಡಿಯಲ್ಲ. ಏಳು ಸಂಪುಟದ ಇಂಗ್ಲಿಷ್ ವ್ಯಾಕರಣಕ್ಕೆ ಅವನ ಹೆಸರಿದೆ. ಹೊರಗಿನವನೊಬ್ಬ ಕೂತು ಓದಿ, ಉದಾಹರಣೆ ಕೂಡಿಹಾಕಿ, ಇಂಗ್ಲಿಷರಿಗೇ ಅವರ ಭಾಷೆ ತಿಳಿಸಿದ. ಓದಿನಿಂದ ಬರೋದಿಲ್ಲ ಅನ್ನಬೇಡ.

ಶಿಷ್ಯೆ: ಅದೇ ಯೆಸ್ಪರ್ಸನ್ನು ಇಂಗ್ಲಿಷಿಗೆ ಫ್ಯೂಚರ್ ಟೆನ್ಸೇ ಇಲ್ಲ ಅಂದವನಲ್ವಾ? ಪಾಸ್ಟ್‌ಗಾದ್ರೆ ಕ್ರಿಯಾಪದವೇ ರೂಪ ಬದಲಿಸುತ್ತೆ, ಗೋ ಹೋಗಿ ವೆಂಟ್ ಆಗುತ್ತೆ. ಫ್ಯೂಚರಿಗೆ ಅಂಥ ರೂಪ ಇಲ್ಲ, ‘ವಿಲ್’ ಒಂದನ್ನ ಊರುಗೋಲಾಗಿ ಇಡ್ತಾರೆ. ಅವನ ಮಾತು ಹಿಡಿದ್ರೆ ನಿಮ್ಮ ಪಟ್ಟಿಯಲ್ಲಿ ನಾಲ್ಕು ಮನೆ ಖಾಲಿ.

ಮೇಷ್ಟ್ರು: ಖಾಲಿ ಮಾಡು. ಆದರೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಿಂದಲೂ ಖಾಲಿ ಮಾಡಿಸಿ ಬಾ. ಅಷ್ಟಕ್ಕೂ ಕನ್ನಡ ವ್ಯಾಕರಣದ್ದೇನು ಕಡಿಮೆ? ಭವಿಷ್ಯತ್ತಿಗೆ ‘ಮಾಡುವೆನು’ ಅಂತ ಬಾಯಿಪಾಠ. ನಾಳೆ ಗೊಬ್ಬರ ಹಾಕೋನು ‘ಹಾಕ್ತೀನಿ’ ಅಂತಾನೇ ಹೊರತು ‘ಹಾಕುವೆನು’ ಅಂತ ಯಾವತ್ತೂ ಅನ್ನೋದಿಲ್ಲ. ಅವನು ಬಳಸಿದ ರೂಪಕ್ಕೆ ಪುಸ್ತಕದಲ್ಲಿ ವರ್ತಮಾನ ಅಂತ ಹೆಸರು.

ಶಿಷ್ಯೆ: ನೀವು ನನ್ನ ಕಡೆ ಬಂದ್ರಿ.

ಮೇಷ್ಟ್ರು: ಬಂದಿಲ್ಲ. ‘ಬಂದೆ’ ಅಂತ ಕೂತಲ್ಲಿಂದಲೇ ಹೇಳ್ತಾ ಇದ್ದೀನಿ. ನನ್ನ ಹೆದರಿಕೆ ಬೇರೆ. ಎಲ್ಲವೂ ನೋಟದ ಮೇಲೆ ನಿಂತಿದೆ ಅಂತ ಹೇಳಿಬಿಟ್ಟರೆ, ತಪ್ಪು ಬರೆದವನೂ ‘ನನ್ನ ನೋಟ ಹಾಗಿತ್ತು’ ಅಂತಾನೆ. ಅಮೆರಿಕದ ಅಧ್ಯಕ್ಷನೇ ಅಂದನಲ್ಲ. 1998ರಲ್ಲಿ ಕ್ಲಿಂಟನ್ನನ್ನು ಗ್ರ್ಯಾಂಡ್ ಜ್ಯೂರಿ ಪರವಾಗಿ ವಿಚಾರಿಸಿದಾಗ ಇದೇ ಮಾತು ಬಂತು. ಒಬ್ಬ ಹೆಣ್ಣುಮಗಳ ಜೊತೆ ಸಂಬಂಧ ಇಲ್ಲ ಅಂತ ಅವನ ವಕೀಲರು ಹಿಂದೆ ಕೋರ್ಟಿಗೆ ಕೊಟ್ಟ ಹೇಳಿಕೆ ಸುಳ್ಳಲ್ಲವಾ ಅಂದರೆ, ಅದು ‘ಈಸ್’ ಅನ್ನೋ ಪದಕ್ಕೆ ಏನು ಅರ್ಥ ಅನ್ನೋದರ ಮೇಲೆ ನಿಂತಿದೆ ಅಂದ. ಹೇಳಿಕೆ ಕೊಟ್ಟ ಹೊತ್ತಿಗೆ ಇರಲಿಲ್ಲ, ಹಾಗಾಗಿ ‘ಈಸ್’ ನಿಜ ಅಂತ. ಲೋಕವೆಲ್ಲ ನಕ್ಕಿತು. ವ್ಯಾಕರಣದ ಮೇಷ್ಟ್ರಾಗಿ ನನಗೆ ನಗೋಕಾಗಲಿಲ್ಲ, ಪ್ರೆಸೆಂಟ್ ಟೆನ್ಸಿನ ಮಟ್ಟಿಗೆ ಆ ಮನುಷ್ಯ ಸರಿಯಾಗೇ ಹೇಳಿದ್ದ.

ಶಿಷ್ಯೆ: ವಾಕ್ಯ ಸರಿ, ಮಾತು ಸುಳ್ಳು. ನನ್ನ ಮೇಲ್‌ನದ್ದು ವಾಕ್ಯ ಸರಿ, ಮಾತು ಗೊಂದಲ. ಎರಡು ಕಡೆಯೂ ನಿಯಮ ಏನೂ ಹಿಡೀಲಿಲ್ಲ ನೋಡಿ. ಅಂಗಡಿಯವನು ‘ಏನು ಬೇಕಿತ್ತು?’ ಅಂತಾನೆ. ನಮಗೆ ಬೇಕಾಗಿರೋದು ಈಗ, ಅವನು ಕೇಳೋದು ಭೂತಕಾಲದಲ್ಲಿ, ಮರ್ಯಾದೆಗೆ. ‘ಸ್ವಲ್ಪ ಮಾತಾಡೋದಿತ್ತು’ ಅಂತೀವಿ. ಇಂಗ್ಲಿಷಿನವನೂ ‘ಐ ವಾಂಟೆಡ್ ಟು ಆಸ್ಕ್’ ಅಂತಾನೆ. ಒಂದು ಹೆಜ್ಜೆ ಹಿಂದೆ ಸರಿದು ನಿಂತು ಮಾತಾಡೋದು ಎರಡೂ ಕಡೆ ಒಂದೇ. ಇದನ್ನ ಮೊದಲು ತೋರಿಸಿ, ಆಮೇಲೆ ಎಲ್ಲಿ ದಾರಿ ಬೇರೆಯಾಗುತ್ತೆ ಅಂತ ಹೇಳಿಕೊಟ್ಟಿದ್ರೆ ‘ಹ್ಯಾಡ್’ ನನ್ನ ಕೈಗೆ ಇಷ್ಟು ಸುಲಭವಾಗಿ ಬರ್ತಿರಲಿಲ್ಲ.

ಮೇಷ್ಟ್ರು: 60 ಮಕ್ಕಳ ಕ್ಲಾಸಿನಲ್ಲಿ?

ಶಿಷ್ಯೆ: ಒದ್ದೆ ಅಂಗಳ ಎಲ್ಲಾ ಶಾಲೆಯಲ್ಲೂ ಇರುತ್ತೆ ಸಾರ್.

ಮೇಷ್ಟ್ರು ಎದ್ದು ಒಳಗೆ ಹೋಗಿ ಒಂದು ಹಾಳೆ ತಂದರು. ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ನವೆಂಬರಿನಲ್ಲಿ ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕಲ್ಲ, ಹೋದ ವರ್ಷ ಕೊಟ್ಟದ್ದು ಎಲ್ಲೋ ಕಳೆದುಹೋಗಿ ಒಂದು ತಿಂಗಳ ಪಿಂಚಣಿ ನಿಂತಿತ್ತಂತೆ. ಈ ಸಲ ಮುಂಚಿತವಾಗಿಯೇ ಬರೆದ ಪತ್ರ ಅದು.

ಮೇಷ್ಟ್ರು: ನೀನು ಬಂದದ್ದು ಒಳ್ಳೆಯದಾಯಿತು. ಒಂದು ಸಲ ಓದಿ ನೋಡು.

ಶಿಷ್ಯೆ: (ಓದುತ್ತಾ) ‘ಐ ಹ್ಯಾಡ್ ಸಬ್ಮಿಟೆಡ್ ಮೈ ಲೈಫ್ ಸರ್ಟಿಫಿಕೇಟ್ ಇನ್ ನವೆಂಬರ್ ಲಾಸ್ಟ್ ಇಯರ್.’ ಸಾರ್! ಫುಲ್‌ಸ್ಟಾಪ್ ಬೇರೆ ಇಟ್ಟಿದ್ದೀರಿ. ಇದರ ವೈದ್ಯರು ಎಲ್ಲಿ?

ಮೇಷ್ಟ್ರು: ನೋಡಿದ್ದೀನಿ. ‘ಸಬ್ಮಿಟೆಡ್’ ಅಂತಲೇ ಮೊದಲು ಬರೆದಿದ್ದೆ. ಓದಿದರೆ ಸಪ್ಪೆ ಅನ್ನಿಸಿತು. ನಾನು ಕೊಟ್ಟಿದ್ದೆ, ನೀವು ಕಳೆದಿರಿ ಅನ್ನೋದು ಎಲ್ಲಿ ಬಂತು ಅದರಲ್ಲಿ?

ಶಿಷ್ಯೆ: ಮುಳ್ಳು ವ್ಯಾಕರಣದಲ್ಲಿಲ್ಲ ಅಂದಿರಿ.

ಮೇಷ್ಟ್ರು: ವ್ಯಾಕರಣದಲ್ಲಿಲ್ಲ. ಪತ್ರದಲ್ಲಿದೆ. ಕೌಂಟರಿನಲ್ಲಿ ಕೂತವನು ಕೊಪ್ಪದ ಹುಡುಗ, ಅವನಿಗೆ ಚೆನ್ನಾಗಿ ಚುಚ್ಚುತ್ತೆ.

ಶಿಷ್ಯೆ: ಮ್ಯಾನೇಜರು?

ಮೇಷ್ಟ್ರು: ಬಿಹಾರದವರು. ಅವರ ಹಿಂದಿಯಲ್ಲೂ ‘ಕಿಯಾ ಥಾ’ ಅಂತ ಇದೆ. ಕಿಯಾ ಬೇರೆ, ಕಿಯಾ ಥಾ ಬೇರೆ. ಅವರಿಗೂ ತಾಗುತ್ತೆ.

ಶಿಷ್ಯೆ: ಮೇಲಿನ ಕಚೇರಿಗೆ ಹೋಗಿ ಅಲ್ಲಿ ಯಾರಾದ್ರೂ ಲೀಡ್ಸಿನವರ ಹಾಗೆ ಓದಿದ್ರೆ? ಕೊಟ್ಟಿದ್ರು, ಆಮೇಲೇನೋ ಆಗಿದೆ, ಕಾಯೋಣ ಅಂತ?

ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು. ‘ಹ್ಯಾಡ್’ ಮೇಲೆ ಸ್ವಲ್ಪ ಹೊತ್ತು ನಿಬ್ಬು ನಿಂತಿತು. ಆಮೇಲೆ ‘ನವೆಂಬರ್’ ಪಕ್ಕದಲ್ಲಿ 18 ಅಂತ ತಾರೀಖು ಸೇರಿಸಿ, ಕ್ಯಾಪು ಹಾಕಿ, ಹಾಳೆ ಮಡಚಿದರು.

ಮೇಷ್ಟ್ರು: ಪೇಟೆ ಮೇಲೆ ಹೋಗ್ತೀಯಲ್ಲ, ಬ್ಯಾಂಕಿಗೆ ಕೊಟ್ಟುಬಿಡು. ರಸೀತಿ ತಗೊಳ್ಳೋದು ಮರೀಬೇಡ.